ಅಕ್ಕ ಕೂತೇ ಇರಲಿ ಅಂದುಕೊಂಡೆ

ಬಚ್ಚಲಿನಲ್ಲಿ ಜಾರಿ ಬಿದ್ದು ಅಕ್ಕನ ಮಂಡಿಚಿಪ್ಪು ಒಡೆದಿತ್ತು. ಕಟ್ಟು ಬಿಚ್ಚಿದ ದಿನ ಡಾಕ್ಟರು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, "ಇನ್ನು ದಿನಾ ನಡೆಸಬೇಕಮ್ಮ. ಕೂರಿಸಿಬಿಟ್ಟರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತೆ" ಎಂದರು. ಆಟೋದಲ್ಲಿ ಅಕ್ಕ ಕೇಳಿದಳು, "ಡಾಕ್ಟ್ರು ಏನಂದ್ರು?"

"ಇನ್ನೊಸಿ ದಿನ ಅಲ್ಲಾಡ್ಸಬ್ಯಾಡಿ ಅಂದ್ರು ಕಣಕ್ಕ" ಎಂದೆ.

ಯಾಕೆ ಹಾಗೆ ಹೇಳಿದೆ ಎಂಬುದನ್ನು ಬರೆಯಬೇಕು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ಮಗ್ಗದ ಮನೆ. ನನ್ನನ್ನು ಹನೂರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೇ ಬಂದೆ. ಅಪ್ಪ ಅವ್ವ ಇಲ್ಲದ ಆ ಮನೆಯನ್ನೂ ಮಗ್ಗವನ್ನೂ ಮದುವೆಯಾಗದ ಅಕ್ಕನೇ ನಡೆಸುತ್ತಿದ್ದಳು. ನನ್ನನ್ನು ಒಂದು ದಿನವೂ ಕಡೆಗಣಿಸಲಿಲ್ಲ. ಆದರೆ ಸಾರಿಗೆ ಹುಣಸೆಹಣ್ಣು ಎಷ್ಟು, ಕೌದಿ ಒಗೆಯುವುದು ಯಾವತ್ತು, ಎಲ್ಲ ಅವಳು ಹೇಳಿದಂತೆಯೇ. ಆಕೆ ಮಂಡಿ ಒಡೆದುಕೊಂಡು ಕೂತಾಗ ಒಲೆ ನನ್ನ ಕೈಗೆ ಬಂತು. ಹುಣಸೆಹಣ್ಣಿನ ಬಗ್ಗೆ ಯಾರನ್ನೂ ಕೇಳಬೇಕಿರಲಿಲ್ಲ. ಬೀದಿಯ ಹೆಂಗಸರು, "ಅಕ್ಕನ್ನ ಮಗು ನೋಡ್ಕಂಡಂಗೆ ನೋಡ್ಕತಾವ್ಳೆ" ಎನ್ನುತ್ತಿದ್ದರು. ಆ ಮಾತು ಕೇಳಲು ಸಿಹಿಯಾಗಿತ್ತು. ಅಕ್ಕ ಗೋಡೆ ಹಿಡಿದು ಏಳಲು ಹೋದರೆ, "ಕೂತ್ಕೊ, ನಾನಿಲ್ವಾ?" ಎಂದು ಓಡಿ ಬರುತ್ತಿದ್ದೆ.

ಹೀಗೇ ಚಳಿಗಾಲ ಬಂತು. ಊರಿನ ಮೈದಾನದಲ್ಲಿ ಸಂಜೆ ಹೊತ್ತು ಚಳಿಗಾಲದ ಹಬ್ಬ ಇಟ್ಟುಕೊಂಡರು. ಹೂವಿನ ಪ್ರದರ್ಶನ, ತಿಂಡಿ ಅಂಗಡಿ, ಹೆಂಗಸರಿಗೆ ಹಗ್ಗಜಗ್ಗಾಟ. ಅಕ್ಕ ಹಟ ಹಿಡಿದಳು. "ಊರೆಲ್ಲ ಓಯ್ತಾ ಅದೆ. ನಾನೇನು ಮೂಟೆಯೇನೆ, ಮೂಲೇಲಿ ಮಡಗಕ್ಕೆ?"

ಆಟೋದಲ್ಲಿ ಕರೆದೊಯ್ದೆ. ಮೈದಾನದ ಬಾಗಿಲ ಹತ್ತಿರ ರಾಮಾಪುರದ ಹೆಂಗಸೊಬ್ಬಳು ಕಡ್ಲೆಕಾಯಿ ಹುರಿಯುತ್ತಿದ್ದಳು. ಅವಳ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಅಕ್ಕನನ್ನು ಕೂರಿಸಿದೆ. "ಇಲ್ಲೇ ಇರು, ಬೆಚ್ಚಗದೆ. ನಾನು ಒಂದ್ ಸುತ್ತು ನೋಡ್ಕಂಡು ಬತ್ತೀನಿ" ಎಂದು ಹೊರಟೆ. ಒಂದು ಸುತ್ತಿನಲ್ಲಿ ಬರಲಿಲ್ಲ. ಹಗ್ಗಜಗ್ಗಾಟ ನೋಡಿದೆ, ನಾನೂ ಒಂದು ಕೈ ಎಳೆದೆ. ಯಳಂದೂರಿನ ಹೆಂಗಸರ ಅಂಗಡಿಯಲ್ಲಿ ಬಿಸಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆ. ಮೈ ಹಗುರಾಗಿತ್ತು. ಅಕ್ಕನ ನೆನಪಾದದ್ದು ಕೈ ತೊಳೆಯುವಾಗ.

ಬಂದು ನೋಡಿದರೆ ಕುರ್ಚಿ ಖಾಲಿ.

"ಎದ್ದು ಓದ್ರು ಕಣವ್ವ," ಎಂದಳು ಕಡ್ಲೆಕಾಯಿಯವಳು. "ಕೂತ್ಕಳಿ ಅಂದೆ. 'ಊವ ನೋಡಕ್ಕೆ ಬಂದಿವ್ನಿ, ನಿನ್ನ ಬಾಂಡ್ಲಿ ನೋಡಕ್ಕಲ್ಲ' ಅಂದ್ರು."

ಹೂವಿನ ಸಾಲಿನ ಉದ್ದಕ್ಕೂ ಜನ ಒಳನುಗ್ಗದಂತೆ ಹಗ್ಗ ಕಟ್ಟಿದ್ದರು. ಅಕ್ಕ ಅದರ ಪಕ್ಕದಲ್ಲಿ ನಡೆಯುತ್ತಿದ್ದಳು. ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಸೀರೆಯ ಉದ್ದದ ಎಳೆಗಳನ್ನು ಹರವಿ ಕಟ್ಟುತ್ತೇವೆ. ಅದಕ್ಕೆ ಹಾಸು ಎನ್ನುತ್ತೇವೆ. ಅದರ ಪಕ್ಕ ನಡೆಯುತ್ತ ಎಳೆ ಸರಿಮಾಡುವಾಗ ಬೆರಳು ತಾಗಬೇಕು, ಭಾರ ಬೀಳಬಾರದು. ಭಾರ ಬಿಟ್ಟರೆ ರೇಷ್ಮೆ ಹರಿಯುತ್ತದೆ. ಅಕ್ಕ ಆ ಹಗ್ಗವನ್ನೂ ಹಾಗೇ ಮುಟ್ಟಿದ್ದಳು, ಬೆರಳ ತುದಿಯಲ್ಲಿ. ಕಾಲು ಎಳೆಯುತ್ತಿತ್ತು. ಆ ಚಳಿಯಲ್ಲೂ ಹಣೆ ಬೆವೆತಿತ್ತು. ನನ್ನನ್ನು ಕಂಡವಳೇ ಹೂವಿನಲ್ಲಿ ಮಾಡಿಟ್ಟಿದ್ದ ಆನೆಯ ಕಡೆ ತೋರಿಸಿ, "ನೋಡೆ, ಇಷ್ಟು ಊವ ತಂದವ್ರೆ, ಆನೆಗೆ ಬಾಲವೇ ಮಡಗಿಲ್ಲ" ಎಂದಳು.

"ಕೂತ್ಕೊ ಅಕ್ಕ" ಎಂದು ಬಾಯಿಗೆ ಬಂದೇಬಿಟ್ಟಿತು.

"ಡಾಕ್ಟ್ರು ಬ್ಯಾಡ ಅಂದವ್ರೆ, ಗೊತ್ತು. ನೀನು ಎದರ್ಕಬ್ಯಾಡ. ಬೈದ್ರೆ ನನ್ನ ಬೈಲಿ. 'ತಂಗಿ ಎಷ್ಟು ಬ್ಯಾಡ ಅಂದ್ರೂ ನಾನೇ ಕೇಳ್ನಿಲ್ಲ' ಅಂತೀನಿ."

ಅಲ್ಲೇ, ಬಾಲವಿಲ್ಲದ ಆನೆಯ ಮುಂದೆ ಎಲ್ಲ ಹೇಳಿದೆ. ಡಾಕ್ಟರು ನಿಜವಾಗಿ ಅಂದದ್ದು, ನಾನು ಮುಚ್ಚಿಟ್ಟದ್ದು, ಒಲೆಯ ಮುಂದೆ ಒಬ್ಬಳೇ ನಿಂತಾಗ ಆಗುತ್ತಿದ್ದ ಖುಷಿ.

ಅಕ್ಕ ಹಗ್ಗದ ಕೊನೆಯವರೆಗೂ ನಡೆದಳು. ನಾನು ಹಿಂದೆ ಹಿಂದೆ ಹೋದೆ. ಕೊನೆಯಲ್ಲಿ ತಿರುಗಿ, "ಒಲೆ ಬೇಕು ಅಂತ ಕೇಳಿದ್ರೆ ಕೊಡ್ತಿರ್ನಿಲ್ವಾ?" ಎಂದಳು.

"ಕೊಡ್ತಿರ್ನಿಲ್ಲ ಕಣಕ್ಕ."

"ಊಂ, ಕೊಡ್ತಿರ್ನಿಲ್ಲ" ಎಂದಳು. ನಗಲಿಲ್ಲ, ಬಯ್ಯಲೂ ಇಲ್ಲ. "ನಡಿ. ಆ ಕಡೆ ಸಾಲು ನೋಡಿಲ್ಲ."

ಹಬ್ಬ ಮುಗಿಯುವವರೆಗೂ ಪ್ರತಿ ಸಂಜೆ ಹೋದೆವು. ಆಟೋ ಬೇಡವೆಂದಳು. ಹೂವು ಬಾಡಿ, ಅಂಗಡಿ ಕಿತ್ತ ಮೇಲೂ ಆ ಬೋಳು ಮೈದಾನವನ್ನು ಸುತ್ತಿದೆವು. ಕಾಲು ಎಳೆಯುವುದು ಕಮ್ಮಿಯಾಯಿತು. ಆದರೆ ಮಂಡಿ ಪೂರ್ತಿ ಮಡಚಲಿಲ್ಲ. ನಮ್ಮದು ಗುಂಡಿ ಮಗ್ಗ. ಗುಂಡಿಯೊಳಗೆ ಕಾಲು ಇಳಿಬಿಟ್ಟು ತುಳಿಯಬೇಕು. ಅದು ಅಕ್ಕನಿಗೆ ಇನ್ನು ಆಗುವುದಿಲ್ಲ. ಈಗ ನಾನು ನೇಯುತ್ತೇನೆ, ಅವಳು ನಿಂತು ಅಡುಗೆ ಮಾಡುತ್ತಾಳೆ. ಒಲೆ ಅವಳಿಗೇ ಹೋಯಿತು.

ಮೊನ್ನೆ ತೋರಿಸಲು ಹೋದಾಗ ಡಾಕ್ಟರು ಮಂಡಿ ಒತ್ತಿ ನೋಡಿ, "ಮೊದಲೇ ನಡೆಸಿದ್ದರೆ ಪೂರ್ತಿ ಮಡಚುತ್ತಿತ್ತು. ಯಾಕೆ ನಡೆಸಲಿಲ್ಲ?" ಎಂದು ನನ್ನ ಕಡೆ ನೋಡಿದರು.

"ನಂಗೇ ಸೋಮಾರಿತನ ಸಾ," ಎಂದಳು ಅಕ್ಕ. "ಇವಳು ಬಡ್ಕತಿದ್ಲು."

ನಾನು ಆಗಲೂ ಬಾಯಿ ಬಿಡಲಿಲ್ಲ.