ಒಂದೇ ನಂಬರಿನ ಇಬ್ಬರು ಕಮಲಕ್ಕಂದಿರು

ನಮ್ಮ ಕಡೆಯ ಮನೆಗಳಲ್ಲಿ ಬಾಗಿಲ ಹಿಂದಿನ ಮೊಳೆಗೆ ಒಂದು ಪ್ಲಾಸ್ಟಿಕ್ ತೊಟ್ಟೆ, ಅಂದರೆ ಚೀಲ, ನೇತು ಹಾಕಿರುತ್ತಾರೆ, ನಿಮ್ಮಲ್ಲೂ ಇರಬಹುದು. ಡಾಕ್ಟರರ ಚೀಟಿಗಳು, ರಕ್ತಪರೀಕ್ಷೆಯ ಕಾಗದ, ಯಾವ ಕಾಲದ್ದೋ ಒಂದು ಎಕ್ಸ್‌ರೇ ಎಲ್ಲವೂ ಅದರೊಳಗೆ. ಆಸ್ಪತ್ರೆಗೆ ಹೊರಟವರು ಚಪ್ಪಲಿ ಮೆಟ್ಟುವ ಮೊದಲು ಆ ತೊಟ್ಟೆಯನ್ನು ಕಂಕುಳಿಗೆ ಸೇರಿಸುತ್ತಾರೆ. ನೆರೆಮನೆಯ ಕಮಲಕ್ಕನೂ ಆ ದಿನ ಸೇರಿಸಿದ್ದರು. "ಅದು ಬೇಡ ಕಮಲಕ್ಕ, ಈಗ ಎಲ್ಲ ಫೋನಿನಲ್ಲೇ ಉಂಟು" ಎಂದು ಅದನ್ನು ಮನೆಯಲ್ಲೇ ಬಿಡಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಡ ಮಾಡಿದರೆ ನನ್ನ ಪಾಲನ್ನು ಚಿಕ್ಕದು ಮಾಡಿ ಹೇಳುವ ಆಸೆ ಬಂದೀತು.

ಮಡಂತ್ಯಾರಿನಿಂದ ಒಳಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಹಾಲಿನ ಡಿಪೋ. ನಾನು ಅಲ್ಲಿ ಹಾಲು ಅಳೆಯುವವಳು. ಸುತ್ತಲಿನ ತಗ್ಗಿನ ಮನೆಗಳಿಗೆ ರೇಂಜ್ ಇಲ್ಲ, ಡಿಪೋದ ಜಗಲಿಗೆ ಉಂಟು. ಹಾಗಾಗಿ ಗ್ಯಾಸ್ ಬುಕ್ಕಿಂಗಿಗೂ ಮಕ್ಕಳ ಶಾಲೆಗೂ ಎಲ್ಲರೂ ನನ್ನ ನಂಬರನ್ನೇ ಕೊಡುವುದು ರೂಢಿ. ಆಶಾ ಕಾರ್ಯಕರ್ತೆ ಬಂದು ಎಲ್ಲರ ಆರೋಗ್ಯದ ಖಾತೆ ತೆರೆದಾಗಲೂ ಐದು ಮಂದಿ ನನ್ನ ನಂಬರನ್ನೇ ಹೇಳಿದರು. ಅವರಲ್ಲಿ ಇಬ್ಬರು ಕಮಲಕ್ಕಂದಿರು: ಒಬ್ಬರು ಬೀಡಿ ಕಟ್ಟುವ, ನಮ್ಮ ನೆರೆಯ ಕಮಲಕ್ಕ, ಇನ್ನೊಬ್ಬರು ಏಳು ವರ್ಷ ಹಿರಿಯರು, ಗುಡ್ಡೆಮನೆಯವರು. ನನಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು. ಯಾರದೋ ರಕ್ತದೊತ್ತಡ ಎಲ್ಲಿಯೋ ದೂರದ ಯಂತ್ರದಲ್ಲಿ ಕುಳಿತಿದೆ, ಅದರ ಬೀಗದ ಕೈ ಮಾತ್ರ ಹಾಲಿನ ಕೈಯ ನನ್ನಲ್ಲಿದೆ!

ಮುಳ್ಳು ಚುಚ್ಚಿ ನೆರೆಯ ಕಮಲಕ್ಕನ ಕಾಲು ಬಾತುಕೊಂಡಿತು. ಬೆಳಗಿನ ಹಾಲು ಮುಗಿಸಿ ಪೇಟೆಯ ಆಸ್ಪತ್ರೆಗೆ ಕರೆದೊಯ್ದೆ. ಕೌಂಟರಿನ ಹುಡುಗಿ ನಂಬರು ಕೇಳಿದಳು, ಹೆಸರು ಕೇಳಿದಳು, ಪರದೆಯ ಮೇಲೆ ಏನನ್ನೋ ಒತ್ತಿದಳು. "ಅಕ್ಕ, ನಿಮ್ಮ ಫೋನಿಗೆ ಒಂದು ಒಟಿಪಿ ಬಂತಾ? ಹೇಳಿ ನೋಡುವ." ನಾನು ಆರು ಅಂಕೆಗಳನ್ನು ಸ್ಪಷ್ಟವಾಗಿ ಓದಿ ಹೇಳಿದೆ. ಅಂಕೆಗಳ ಮೇಲೆ ಒಂದು ಸಾಲಿತ್ತು. ಅದರಲ್ಲಿ ಕಮಲ ಎಂಬ ಹೆಸರೂ ಅರವತ್ತೊಂದು ಎಂಬ ವಯಸ್ಸೂ ಇದ್ದವು. ನಮ್ಮ ಕಮಲಕ್ಕನಿಗೆ ಐವತ್ತನಾಲ್ಕು. ಆ ಸಾಲನ್ನು ನಾನು ಆಗ ಓದಲಿಲ್ಲ; ಓದಿದ್ದು ಎಲ್ಲ ಆದ ಮೇಲೆ.

ಒಳಗೆ ಡಾಕ್ಟರು, ಘಟ್ಟದ ಮೇಲಿನವರು, ಕೇಳಿದರು: "ಯಾವುದಾದರೂ ಔಷಧಿ ಆಗಿಬರೋದಿಲ್ಲವಾ?"

ಕಮಲಕ್ಕನದು ತುಳು; ಕನ್ನಡವೆಂದರೆ ಅವರು ಮಾತು ಕಡಿಮೆ ಮಾಡುತ್ತಾರೆ. "ಅದರಲ್ಲಿ ಎಲ್ಲ ಉಂಟಲ್ಲ ಡಾಕ್ಟ್ರೇ" ಎಂದು ಕಂಪ್ಯೂಟರನ್ನು ತೋರಿಸಿದರು. ಹಿಂದೊಮ್ಮೆ ಮೂಡಬಿದಿರೆಯಲ್ಲಿ ಒಂದು ಇಂಜೆಕ್ಷನ್ನಿಗೆ ಮೈಯೆಲ್ಲ ದದ್ದೆದ್ದು ಉಸಿರುಗಟ್ಟಿದ್ದು ಅಲ್ಲಿ ಬರೆದಿದೆ ಎಂಬ ಭರವಸೆಯಿಂದ ಹೇಳಿದ ಮಾತು ಅದು. ಬರೆದೂ ಇತ್ತು, ಅವರ ಖಾತೆಯಲ್ಲಿ. ಡಾಕ್ಟರರ ಎದುರು ತೆರೆದಿದ್ದ ಗುಡ್ಡೆಮನೆಯವರ ಖಾತೆಯಲ್ಲಿ ಮಾತ್ರ ಅದೇ ಇಂಜೆಕ್ಷನ್ನನ್ನು ಎರಡು ಸಲ ಕೊಟ್ಟದ್ದೂ ಏನೂ ಆಗದಿದ್ದುದೂ ಇತ್ತು. ಅವರು ಚರ್ಮದ ಮೇಲಿನ ಪರೀಕ್ಷೆ ಮಾಡದೆ ಚುಚ್ಚಿಸಿದರು.

ಮೊದಲು ಕಮಲಕ್ಕ ಅಂಗೈ ಕೆರೆದುಕೊಂಡರು. ಆಮೇಲೆ ತುಟಿ ದಪ್ಪವಾಯಿತು. "ವನಿತಾ, ಉಸಿರು..." ಎಂದವರು ಬೆಂಚಿನಿಂದ ಪಕ್ಕಕ್ಕೆ ಜಾರಿದರು. ಆ ಕ್ರಮದಲ್ಲೇ ಆಯಿತು, ನಾನು ನೋಡಿದೆ. ನರ್ಸುಗಳು ಓಡಿ ಬಂದು ಇನ್ನೊಂದು ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಹಾಕಿದರು. ಎದೆಯ ಬಡಿತದ ಗೆರೆಗಳನ್ನು ಅದೇ ಕಂಪ್ಯೂಟರಿನಿಂದ ಮಂಗಳೂರಿನ ದೊಡ್ಡ ಡಾಕ್ಟರರಿಗೆ ಕಳಿಸಿದರು; ನಾನು ಕಣ್ಣೊರೆಸಿ ಮುಗಿಸುವಷ್ಟರಲ್ಲಿ ಅಲ್ಲಿಂದ ಸಲಹೆಯೂ ಬಂತು. ಕಮಲಕ್ಕ ಉಳಿದರು.

ಈಗ ಹೇಳಿ, ಯಾರ ಮೇಲೆ ಸಿಟ್ಟು ಮಾಡಲಿ? ಬೀಳಿಸಿದ್ದೂ ಎತ್ತಿದ್ದೂ ಒಂದೇ ವ್ಯವಸ್ಥೆ. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಪ್ರತಿಯೊಂದು ಸಾಲೂ ನಿಜ, ಬೇರೆಯವರ ನಿಜ. ಎದುರಿಗೆ ಕುಳಿತು ಉಸಿರಾಡುವ ಹೆಂಗಸಿಗಿಂತ ದೂರದಲ್ಲಿರುವ ಅವಳ ಬರಹವೇ ಹೆಚ್ಚು ಖಚಿತ ಎಂದು ನಾವು ಮೂವರೂ, ಡಾಕ್ಟರೂ ಕಮಲಕ್ಕನೂ ನಾನೂ, ಯಾವಾಗ ಒಪ್ಪಿಕೊಂಡೆವು? ಎಷ್ಟು ಯೋಚಿಸಿದರೂ ನನಗೆ ಆ ಗಳಿಗೆ ಸಿಗುತ್ತಿಲ್ಲ. ಮನುಷ್ಯರನ್ನು ನಂಬುವಂತೆಯೇ ಅದನ್ನೂ ನಂಬಿದೆವೋ, ಮನುಷ್ಯರನ್ನು ಕೇಳುವ ಕಷ್ಟ ತಪ್ಪಲೆಂದು ನಂಬಿದೆವೋ, ಗೊತ್ತಿಲ್ಲ.

ನಾಲ್ಕನೆಯ ದಿನ ಕಮಲಕ್ಕ ಮನೆಗೆ ಬಂದರು. ಐದನೆಯ ದಿನ ಹೋಗಿ ಎಲ್ಲವನ್ನೂ ಹೇಳಿದೆ: ತೊಟ್ಟೆ, ಆರು ಅಂಕೆ, ಓದದ ಸಾಲು. ಬೈಯುತ್ತಾರೆಂದು ಕಾದೆ. ಅವರು ಬೀಡಿಯ ಎಲೆ ಕತ್ತರಿಸುತ್ತಿದ್ದ ಕತ್ತರಿಯನ್ನು ಕೆಳಗಿಟ್ಟರು.

"ನಾನು ಬದುಕಿದೆನಲ್ಲ, ಇರಲಿ. ನಾನು ಬಿದ್ದದ್ದನ್ನು ಅವರು ಬರೆದದ್ದು ಯಾವ ಖಾತೆಯಲ್ಲಿ?"

ನನಗೆ ಹೊಳೆದೇ ಇರಲಿಲ್ಲ. "ಗುಡ್ಡೆಮನೆಯವರದ್ದರಲ್ಲಿ."

"ಹಾಗಾದ್ರೆ ಆ ಅಕ್ಕನಿಗೆ ಬೇಕಾದ ಮದ್ದನ್ನು ಇನ್ನು ಕೊಡ್ಲಿಕ್ಕಿಲ್ಲ. ನನ್ನದ್ದರಲ್ಲಿ ಈ ಸಲ ಬಿದ್ದದ್ದೇ ಇಲ್ಲ. ಏಳು ಮಾರಾಯ್ತಿ, ಹೋಗುವ."

ಕುಂಟುತ್ತಲೇ ಗುಡ್ಡೆ ಹತ್ತಿದರು. ಗುಡ್ಡೆಮನೆ ಕಮಲಕ್ಕ ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದರು. ನಾನು ಮೊದಲಿನಿಂದ ಹೇಳಿದೆ. ಅವರು ಸೌದೆ ಹಿಡಿದುಕೊಂಡೇ ಕೇಳಿದರು, ಬಾಯಿ ತೆರೆದು.

"ನಾನಾ? ನಾನು ಯಾವಾಗ ಬಿದ್ದದ್ದು?"

"ನೀವು ಬಿದ್ದದ್ದಲ್ಲ ಅಕ್ಕ. ನಾನು ಬಿದ್ದದ್ದು, ನಿಮ್ಮ ಹೆಸರಲ್ಲಿ" ಎಂದರು ನಮ್ಮ ಕಮಲಕ್ಕ.

"ಅಯ್ಯೋ ದೇವರೇ! ನನಗೆ ನಾಡಿದ್ದು ಸಕ್ಕರೆ ಕಾಯಿಲೆಗೆ ಅಲ್ಲಿಗೇ ಹೋಗ್ಲಿಕ್ಕುಂಟು. ಅವರು ಕೇಳಿದ್ರೆ ನಾನು ಯಾರು ಅಂತ ಹೇಳುವುದು?"

ಗುಡ್ಡೆ ಹತ್ತುವ ಮೊದಲು ಡಿಪೋದ ಜಗಲಿಯಿಂದ ಆಸ್ಪತ್ರೆಗೆ ಫೋನು ಮಾಡಿ ಕೇಳಿದ್ದೆ. ಸರಿಪಡಿಸಲು ಅರ್ಜಿ ಕೊಡಬೇಕಂತೆ, ಎಷ್ಟು ದಿನ ಹಿಡಿಯುತ್ತದೋ ಕೌಂಟರಿನ ಹುಡುಗಿಗೂ ತಿಳಿಯದು. ನಾನು ಜೊತೆಗೆ ಬರುತ್ತೇನೆ ಎಂದೆ. ನಮ್ಮ ಕಮಲಕ್ಕ ಬಾತ ಕಾಲನ್ನು ಮೆಟ್ಟಿಲ ಮೇಲೆ ನೀಡಿ ಕುಳಿತರು.

"ನಾನೂ ಬರ್ತೇನೆ. ಇಬ್ಬರನ್ನೂ ಒಟ್ಟಿಗೆ ಎದುರಿಗೆ ಕೂರಿಸಿ ನೋಡಲಿ."