ಹಿಂದಿನ ಸೀಟಿನಿಂದ ಬಂದ ಮಾತು

‘ಆವತ್ತು ಶನಿವಾರ ನಿಮ್ಗೇನೋ ಅರ್ಜೆಂಟ್ ಕೆಲ್ಸ ಇತ್ತಂತಲ್ಲ ಸಾ?’

ಮಧುವನಹಳ್ಳಿಯ ಮನೆಯ ಜಗಲಿಯಲ್ಲಿ ಕೂತು ಶಿವಮ್ಮ ಹೀಗೆ ಕೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಅವರ ಗಂಡ ಮಾದೇಶ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಹನೂರಿನ ಶಾಲೆಯಲ್ಲಿ ನಾನು ಮೇಷ್ಟ್ರು, ಅವನು ಅಟೆಂಡರ್. ಒಂಬತ್ತು ವರ್ಷ ಒಂದೇ ಬೈಕಿನಲ್ಲಿ ಓಡಾಡಿದವರು. ಬೆಳಿಗ್ಗೆ ನಾನು ಕೊಳ್ಳೇಗಾಲದಿಂದ ಹೊರಟರೆ ಮಧುವನಹಳ್ಳಿಯಲ್ಲಿ ಊಟದ ಡಬ್ಬಿ ಹಿಡಿದು ನಿಂತಿರುತ್ತಿದ್ದ. ಸಂಜೆ ಅಲ್ಲೇ ಇಳಿಯುತ್ತಿದ್ದ.

‘ಯಾವ ಕೆಲಸ?’ ಎಂದೆ.

‘ಎದೆ ಇಡ್ಕಂಡಂಗಾಯ್ತದೆ ಅಂತ ನಿಮ್ಗೆ ಯೋಳಿದ್ರಂತೆ. ಶನಿವಾರ ಇಸ್ಕೂಲ್ ಬಿಟ್ಮೇಲೆ ದಾರೀಲೇ ಸಿಗೋ ಕಾಮಗೆರೆ ಆಸ್ಪತ್ರೇಲಿ ತೋರಿಸ್ಕಂಡು ಬರಾಣ ಅಂದಿದ್ಕೆ ನೀವು ಊಂ ಅಂದ್ರಂತೆ. ಶನಿವಾರ ನೋಡುದ್ರೆ ಸುಮ್ನೆ ಮನೆಗೆ ಬಂದ್ರು. ಮೇಷ್ಟ್ರಿಗೆ ಏನೋ ಅರ್ಜೆಂಟ್ ಇತ್ತು ಕಣೆ, ಗಾಡಿ ನಿಲ್ಲಿಸ್ನಿಲ್ಲ, ಮುಂದಿನ್ ವಾರ ಓಗ್ತೀವಿ ಅಂದ್ರು.’

ಆ ಮುಂದಿನ ವಾರದ ಮಂಗಳವಾರ ಬೆಳಿಗ್ಗೆ, ಹಲ್ಲುಜ್ಜುತ್ತಿದ್ದ ಮಾದೇಶ ನಿಂತಲ್ಲೇ ಕುಸಿದುಬಿದ್ದ. ಏಳಲಿಲ್ಲ.

ಅವನು ನನಗೆ ಯಾವತ್ತು ಹೇಳಿದ? ಮರೆತಿದ್ದೇನೆ ಎಂದರೆ ಸುಳ್ಳಾಗುತ್ತದೆ. ನಾನು ಕೇಳಿಸಿಕೊಂಡೇ ಇರಲಿಲ್ಲ. ತಲೆಗೆ ಹೆಲ್ಮೆಟ್, ಕಿವಿಗೆ ಗಾಳಿ, ಎದುರಿಗೆ ಲಾರಿ. ಹಿಂದಿನಿಂದ ಮಾತು ಬಂದರೆ ‘ಹೂಂ’ ಅಂದುಬಿಡುವುದು ಅಭ್ಯಾಸ. (ಹೆಲ್ಮೆಟ್ಟಿನ ಮೇಲೆ ತಪ್ಪು ಹೊರಿಸುತ್ತಿದ್ದೇನೆ, ನೋಡಿ. ಗಾಡಿ ನಿಂತಿದ್ದಾಗಲೂ ನಾನು ಹೂಂ ಎನ್ನುವವನೇ.)

ತಲೆಯೊಳಗೆ ಬೇರೇನೋ ಓಡುತ್ತಿರುತ್ತದೆ. ಇನ್ಸ್‌ಪೆಕ್ಷನ್, ವಾಟ್ಸಾಪ್ ಗ್ರೂಪಿನ ಜಗಳ, ಪತ್ರಿಕೆಗೆ ವಾರವಾರ ಬರೆಯುವ ಇದೇ ಅಂಕಣದ ಮೊದಲ ಸಾಲು. ಅರ್ಥಪೂರ್ಣವಾಗಿ ಬದುಕುವುದು ಹೇಗೆ ಎಂದು ನಿಮಗೆ ಉಪದೇಶ ಮಾಡಿದ ವಾರಗಳೂ ಇವೆಯಲ್ಲ? ಅಂಥ ಸಾಲು ಹುಡುಕುತ್ತಿದ್ದಾಗಲೇ ಬೆನ್ನ ಹಿಂದೆ ಒಬ್ಬ ಮನುಷ್ಯ ತನ್ನ ಎದೆನೋವು ಹೇಳಿಕೊಳ್ಳುತ್ತಿದ್ದ.

ಅರ್ಜೆಂಟ್ ಕೆಲಸ? ಆ ಶನಿವಾರ ಉಂಡು, ಮೊಬೈಲ್ ನೋಡುತ್ತಾ ಮಲಗಿದ್ದೆ.

‘ಹೌದಮ್ಮ, ಸ್ವಲ್ಪ ಕೆಲಸ ಇತ್ತು’ ಎಂದುಬಿಟ್ಟೆ. ಶಿವಮ್ಮ ನಂಬಿದರು. ‘ಏನ್ಮಾಡಾದು ಬುಡಿ ಸಾ, ಅವ್ರ್ ಆಯಸ್ಸು ಅಷ್ಟೇಯ’ ಎಂದು ನನ್ನನ್ನೇ ಸಮಾಧಾನ ಮಾಡಿದರು. ಕಾಫಿ ಕೊಟ್ಟರು. ಕುಡಿದೆ.

ಆ ವಾರವಿಡೀ ಹನೂರಿಗೆ ಒಬ್ಬನೇ ಹೋದೆ. ಒಂಬತ್ತು ವರ್ಷದಲ್ಲಿ ಮಾದೇಶ ಆಡಿದ ಒಂದು ಮಾತಾದರೂ ಪೂರ್ತಿ ನೆನಪಿದೆಯೇ ಎಂದು ತಡಕಾಡಿದೆ. ಎಮ್ಮೆ ಕರು ಹಾಕಿದ್ದು ಅವನ ಮನೆಯಲ್ಲೋ, ಭಾವಮೈದುನನ ಮನೆಯಲ್ಲೋ? ಮಗಳಿಗೆ ಯಳಂದೂರಿನ ಕಡೆ ನೋಡಿದ್ದ ಸಂಬಂಧ ಕುದುರಿತೋ, ಮುರಿಯಿತೋ? ಗೊತ್ತಿಲ್ಲ.

ಮನಸ್ಸು ತಿಳಿಯಾಗಬೇಕಾದರೆ ಎಲ್ಲಾದರೂ ಬೆಟ್ಟಕ್ಕೆ ಹೋಗಿ ಕಣ್ಣುಮುಚ್ಚಿ ಕೂರಬೇಕು ಎಂದುಕೊಂಡಿದ್ದೆ. ಗಾಡಿ ಪಕ್ಕಕ್ಕೆ ಹಾಕಿ ‘ಏನಂದೆ ಮಾದೇಶ?’ ಎಂದು ಕೇಳಿದ್ದರೆ ಸಾಕಿತ್ತು.

ಭಾನುವಾರ ಮತ್ತೆ ಮಧುವನಹಳ್ಳಿಗೆ ಹೋದೆ. ಶಿವಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ನಿಂತುಕೊಂಡೇ ಹೇಳಿದೆ: ‘ಆವತ್ತು ನನಗೆ ಯಾವ ಕೆಲಸವೂ ಇರಲಿಲ್ಲಮ್ಮ. ಮಾದೇಶ ಹೇಳಿದ್ದು ನನಗೆ ಕೇಳಿಸಿರಲಿಲ್ಲ. ಕೇಳದೇ ಹೂಂ ಅಂದಿದ್ದೆ. ಮೊನ್ನೆ ನಿಮ್ಮ ಹತ್ತಿರ ಸುಳ್ಳು ಹೇಳಿದೆ.’

ಮೊರ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದು, ನನ್ನ ಕಡೆ ನೋಡದೆ ಹೇಳಿದರು:

‘ನಾನೇ ಕರ್ಕಂಡೋಯ್ತೀನಿ ಬನ್ನಿ ಅಂದೆ ಸಾ. ಬ್ಯಾಡ, ಮೇಷ್ಟ್ರು ಒಪ್ಕಂಡವ್ರೆ ಅಂದ್ರು.’

ಏನು ಒಪ್ಪಿಕೊಂಡೆನೆಂದೇ ತಿಳಿಯದೆ, ಇನ್ನೂ ಎಷ್ಟು ಜನರನ್ನು ಹೀಗೆ ಕಾಯಿಸಿ ಕೂರಿಸಿದ್ದೇನೋ?