ಎಡಗಡೆ ಕೈ, ಬಲಗಡೆ ಮಿಷನ್

2006ರಲ್ಲಿ ನಾನು ಹೊಸಪೇಟೆಯ ಒಂದು ದಂತ ಚಿಕಿತ್ಸಾಲಯದಲ್ಲಿ ಕಿರಿಯ ವೈದ್ಯೆಯಾಗಿದ್ದೆ. ಅದಿರು ಲಾರಿಗಳ ಓಡಾಟಕ್ಕೆ ಕಿಟಕಿ ಗಾಜು ಸದಾ ನಡುಗುತ್ತಿದ್ದ ಕಾಲ. ಜೂನ್ 12ರಂದು ಕುರೆಕುಪ್ಪದ ಟಿಪ್ಪರ್ ಚಾಲಕ ಈರಣ್ಣ, ಹೆಂಡತಿ ಗಂಗಮ್ಮನೊಡನೆ ಬಂದರು. ಕೆಳಗಿನ ನಾಲ್ಕು ಮುಂದಿನ ಹಲ್ಲು ಅಲ್ಲಾಡುತ್ತಿದ್ದವು. ಬೇರೆಡೆ ಕೀಳಿಸಲು ಹೇಳಿದ್ದರಂತೆ.

“ಮೂವತ್ತೆಂಟಕ್ಕ ಬೊಚ್ಚುಬಾಯಿ ಆದ್ರ ಡ್ರೈವರ್ ಹುಡುಗ್ರು ತಾತ ಅಂತಾರ್ರಿ. ಹೆಂಗರ ಮಾಡಿ ಉಳಿಸ್ರಿ,” ಎಂದರು ಈರಣ್ಣ.

“ಈಗೇನು ಅನ್ನಂಗಿಲ್ಲೇನು?” ಎಂದರು ಗಂಗಮ್ಮ.

ಹಲ್ಲಿಗೂ ಒಸಡಿಗೂ ನಡುವಿನ ಸಂದನ್ನು ನಾವು ಪಾಕೆಟ್ ಎನ್ನುತ್ತೇವೆ. ಒಸಡು ಚೆನ್ನಾಗಿದ್ದರೆ ಅದರ ಆಳ ಮೂರು ಮಿಲಿಮೀಟರ್ ದಾಟುವುದಿಲ್ಲ. ಈರಣ್ಣನವರದು ಎರಡೂ ಕಡೆ ಆರು. ಒಸಡು ಕೊಯ್ಯದೆ, ಬೇರಿಗೆ ಅಂಟಿ ಗಟ್ಟಿಯಾದ ಕೊಳೆಯನ್ನು ಕೆರೆದು ತೆಗೆದು ನೋಡೋಣ ಎಂದುಕೊಂಡೆವು. ಯಾವುದರಿಂದ ಎಂಬಲ್ಲಿ ಜಗಳ. ನಮ್ಮ ಹಿರಿಯ ವೈದ್ಯರಿಗೆ ಕ್ಯುರೆಟ್ ಎಂಬ ಕೈ ಉಪಕರಣದ ಮೇಲೆ ಭಕ್ತಿ. ನನಗೆ ಹೊಸದಾಗಿ ಬಂದಿದ್ದ, ಕಂಪಿಸುತ್ತ ನೀರು ಚಿಮ್ಮಿಸುವ ಅಲ್ಟ್ರಾಸಾನಿಕ್ ಸ್ಕೇಲರ್ ಮೇಲೆ. ಕೊನೆಗೆ ಈರಣ್ಣನವರ ಒಪ್ಪಿಗೆ ಪಡೆದು, ಎಡಗಡೆ ಹಿರಿಯರ ಕೈ, ಬಲಗಡೆ ನನ್ನ ಮಿಷನ್ ಎಂದಾಯಿತು.

“ಗಣಿಯವ್ರು ಗುಡ್ಡ ಹಂಚ್ಕೊಂಡಂಗ ನನ್ನ ಬಾಯಿ ಹಂಚ್ಕೊಂಡ್ರಲ್ರಿ,” ಎಂದರು ಈರಣ್ಣ.

ಆರು ವಾರದ ನಂತರ, ಜುಲೈ 24ರಂದು ಪಾಕೆಟ್‌ಗಳ ಆಳ ಅಳೆದೆ. ಎಡಗಡೆ ನಾಲ್ಕಕ್ಕೆ ಇಳಿದು, ಆ ಬದಿಯ ಎರಡು ಹಲ್ಲು ಬಿಗಿಯಾಗಿದ್ದವು. ಬಲಗಡೆ ಆರೇ; ಮುಟ್ಟಿದರೆ ರಕ್ತ. ಹಿರಿಯರು ಮೀಸೆಯಲ್ಲೇ ನಕ್ಕು, “ಮಿಷನ್ನು ವಾಪಸ್ ಕಳಿಸಮ್ಮ,” ಎಂದರು. ಬಲಗಡೆಯ ಎರಡು ಹಲ್ಲು ಕೀಳಲೇಬೇಕಾದೀತೇ ಎಂದು ನಾನು ಪೆಚ್ಚಾದೆ.

ಆಗ ಗಂಗಮ್ಮ, “ಅವ್ರು ಎಡಕ್ಕಷ್ಟ ಬ್ರಷ್ ಮಾಡ್ತಾರ್ರಿ ಮೇಡಂ,” ಎಂದರು.

ಯಾಕೆಂದು ಕೇಳಿದರೆ ಈರಣ್ಣ ಬಹಳ ಸಮಾಧಾನವಾಗಿ ವಿವರಿಸಿದರು: “ಬಲಗಡಿ ನೀರು ಹೊಡೆದು ಮಿಷನ್ ಸರ್ವಿಸ್ ಆಗೇತಲ್ರಿ. ಸರ್ವಿಸ್ ಆದ ಗಾಡಿನ ಮತ್ತ ಯಾರ ತೊಳಿತಾರ? ಎಡಗಡಿ ಪಾಪ ಡಾಕ್ಟ್ರು ಬರೇ ಕೈಲೆ ಮಾಡ್ಯಾರ. ಅದಕ್ಕ ಅಲ್ಲಿ ನಾನೂ ಭಾಳ ಉಜ್ಜಿನಿ.”

“ಸರ್ವಿಸ್ ಆದ ಟಿಪ್ಪರ್ ಸಂಡೂರಿನ ಗಣಿಗೆ ಒಂದು ಟ್ರಿಪ್ ಹೋಗಿ ಬಂದ್ರ?” ಎಂದೆ.

“ಮತ್ತ ಕೆಂಪ ಧೂಳ...” ಎಂದವರು ಅಲ್ಲಿಗೇ ನಿಂತು, ಬಲಗೆನ್ನೆ ಸವರಿಕೊಂಡರು. ಗಂಗಮ್ಮ ಸೆರಗು ಬಾಯಿಗಿಟ್ಟು ನಕ್ಕರು.

ಬಲಗಡೆ ಮತ್ತೊಮ್ಮೆ ಅದೇ ಸ್ಕೇಲರ್ ಆಡಿಸಿದೆ. ಈ ಸಲ ಈರಣ್ಣ ಎರಡೂ ಕಡೆ ಉಜ್ಜಿದರು. ಗಂಗಮ್ಮ ಎದುರು ನಿಂತು ಉಜ್ಜಿಸಿದರು ಎನ್ನುವುದೇ ಸರಿ. ಸೆಪ್ಟೆಂಬರ್ 4ರಂದು ಎರಡೂ ಕಡೆ ಮೂರು, ಒಂದೆರಡು ಜಾಗದಲ್ಲಿ ಮಾತ್ರ ನಾಲ್ಕು ಮಿಲಿಮೀಟರ್. ನಾಲ್ಕೂ ಹಲ್ಲು ಉಳಿದವು.

ನಮ್ಮ ಜಗಳಕ್ಕೆ ಆ ಬಾಯಿ ತೀರ್ಪು ಕೊಡಲಿಲ್ಲ. ಮಿಷನ್ ಬೇಗ ಮುಗಿಸುತ್ತದೆ, ಬೇರಿನ ಮೇಲಿನ ಒರಟುತನ ಕೈಗೆ ಚೆನ್ನಾಗಿ ತಿಳಿಯುತ್ತದೆ. ಒಸಡನ್ನು ಎರಡೂ ಸರಿಮಾಡಬಲ್ಲವು. ಈಗ ಕೆಲಸ ಮುಗಿದೊಡನೆ ನಾನು ಯಾರನ್ನೂ ಕುರ್ಚಿಯಿಂದ ಇಳಿಸುವುದಿಲ್ಲ. ಕೈಗೊಂದು ಬ್ರಷ್ ಕೊಟ್ಟು, “ನಾಳೆ ಮುಂಜಾನೆ ಹೆಂಗ ಉಜ್ತೀರಿ, ಈಗ ತೋರಿಸ್ರಿ,” ಎನ್ನುತ್ತೇನೆ.